ಬೇಲಿ ಕಾಣದ ಫೋಟೊ ಸುಳ್ಳೇ?

ಹುಣಸೂರಿನ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ:

“ಕಳೆದ ಸಂಚಿಕೆಯಲ್ಲಿ ಅಮೆರಿಕದ ಮಾಂಜನಾರ್ ಶಿಬಿರದ ಹಳೇ ಫೋಟೊಗಳನ್ನು ಹಾಕಿದ್ದೀರಿ. ಏನೂ ತಪ್ಪು ಮಾಡದ ಜನರನ್ನು ಮುಳ್ಳುತಂತಿಯೊಳಗೆ ಕೂಡಿಹಾಕಿದ ಜಾಗ ಅದು. ನೀವು ದೊಡ್ಡದಾಗಿ ಅಚ್ಚು ಹಾಕಿದ್ದು ಮಾತ್ರ ಬೇಸ್‌ಬಾಲ್ ಆಟ ಮತ್ತು ಪ್ರಾರ್ಥನೆಯ ಫೋಟೊ. ಬೇಲಿ ಎಲ್ಲಿ ಸರ್? ನಾನೂ ರಜಾ ದಿನಗಳಲ್ಲಿ ಬೈಲಕುಪ್ಪೆಗೆ ಹೋಗಿ ಟಿಬೆಟನ್ನರ ಫೋಟೊ ತೆಗೆಯುತ್ತೇನೆ. ಫುಟ್‌ಬಾಲ್, ಪೂಜೆ, ಹಬ್ಬ ಹೀಗೆ. ಇವೆಲ್ಲ ಟೂರಿಸ್ಟ್ ಫೋಟೊ, ಅವರ ಕಷ್ಟ ಇದರಲ್ಲಿ ಎಲ್ಲಿದೆ ಅಂತ ಗೆಳತಿಯರು ಕೇಳ್ತಾರೆ. ನಿಮ್ಮ ಸಂಚಿಕೆ ನೋಡಿದ ಮೇಲೆ ಗೊಂದಲ ಇನ್ನೂ ಜಾಸ್ತಿ ಆಯ್ತು. ಒಂಬತ್ತು ಫೋಟೊ ಕಳಿಸಿದ್ದೇನೆ. ಇವು ಡಾಕ್ಯುಮೆಂಟರಿ ಅನ್ನಿಸಿಕೊಳ್ಳುತ್ತವಾ, ಇಲ್ಲ ಸುಮ್ನೆ ಚೆಂದದ ಫೋಟೊಗಳಾ?”

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಸ್ವಲ್ಪ ಸಿಟ್ಟಿದೆ. ಇರಲಿ. ಇದೇ ಸಿಟ್ಟನ್ನು ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಕೂಡ ಎದುರಿಸಿದ್ದರು. 1944ರಲ್ಲಿ ಅವರು ಮಾಂಜನಾರ್ ಫೋಟೊಗಳ ಪುಸ್ತಕ ತಂದರು. ಯುದ್ಧ ನಡೆಯುವಾಗ ಜಪಾನಿಯರ ಪರ ಮಾತಾಡ್ತೀಯಾ ಅಂತ ಕೆಲವರು ಬೈದರು. ಇದು ಏನೇನೂ ಸಾಲದು ಅಂತ ಇನ್ನು ಕೆಲವರಿಗೆ ಅನ್ನಿಸಿತು. ಹಾಗೆ ಅನ್ನಿಸಿದವರಲ್ಲಿ ಡೊರೊಥಿಯಾ ಲ್ಯಾಂಗ್ ಕೂಡ ಒಬ್ಬರು. ಆಕೆ ಆಡಮ್ಸ್ ಅವರ ಸ್ನೇಹಿತೆ, ಅದೇ ಶಿಬಿರದ ಫೋಟೊ ಅವರಿಗಿಂತ ಮೊದಲೇ ತೆಗೆದವರು.

ಕಳೆದ ಸಂಚಿಕೆ ನೋಡದವರಿಗಾಗಿ ಎರಡು ಮಾತು. 1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಆಮೇಲೆ ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ, ಅಂಗಡಿ, ಹೊಲ ಎಲ್ಲ ಬಿಡಿಸಿ ಶಿಬಿರಗಳಿಗೆ ಸಾಗಿಸಿದರು. ಇವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದವರು, ಅಲ್ಲಿನ ಪ್ರಜೆಗಳು. ಜಪಾನಿನಿಂದ ವಲಸೆ ಬಂದಿದ್ದ ಅವರ ಅಪ್ಪ ಅಮ್ಮಂದಿರಿಗೆ ಮಾತ್ರ ಎಷ್ಟು ವರ್ಷ ಇದ್ದರೂ ಪೌರತ್ವ ಕೊಡಲು ಆಗಿನ ಕಾನೂನು ಒಪ್ಪುತ್ತಿರಲಿಲ್ಲ. ಅಂಥ ಹತ್ತು ಶಿಬಿರಗಳಲ್ಲಿ ಮಾಂಜನಾರ್ ಒಂದು. ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯಲ್ಲಿ, ಸಿಯೆರಾ ನೆವಾಡಾ ಬೆಟ್ಟಗಳ ಬುಡದಲ್ಲಿತ್ತು. ಬರೀ ಧೂಳು, ಗಾಳಿ. ಒಳಗೆ 10,000ಕ್ಕೂ ಹೆಚ್ಚು ಜನ.

ಇನ್ನು ಬೇಲಿಯ ವಿಷಯ. ಅದರ ಫೋಟೊ ತೆಗೆಯಲು ಬಿಟ್ಟಿರಲಿಲ್ಲ. ಲ್ಯಾಂಗ್ ಅವರನ್ನು 1942ರಲ್ಲಿ ಸರ್ಕಾರವೇ ಕೆಲಸಕ್ಕೆ ಇಟ್ಟುಕೊಂಡಿತ್ತು. ಜನರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ತಿದ್ದೇವೆ ಅನ್ನೋದಕ್ಕೆ ದಾಖಲೆ ಬೇಕಿತ್ತು. ಮುಳ್ಳುತಂತಿ, ಕಾವಲು ಗೋಪುರ, ಬಂದೂಕು ಹಿಡಿದ ಸೈನಿಕ, ಈ ಮೂರೂ ಫೋಟೊದಲ್ಲಿ ಬರಬಾರದು ಅಂತ ಷರತ್ತು. ಆಕೆ ಷರತ್ತಿನೊಳಗೇ ಕೆಲಸ ಮಾಡಿದರು. ಆದರೂ ಫೋಟೊ ನೋಡಿದ ಅಧಿಕಾರಿಗಳಿಗೆ ದಿಗಿಲಾಯಿತು. ಯುದ್ಧ ಮುಗಿಯುವ ತನಕ ಅವುಗಳನ್ನು ತಡೆಹಿಡಿದರು. ಕೆಲವು ಪ್ರಿಂಟುಗಳ ಮೇಲೆ ‘ಜಪ್ತಿ’ ಅಂತಲೇ ಬರೆದರು. ಇದನ್ನು ಸ್ವಲ್ಪ ಯೋಚನೆ ಮಾಡಿ. ಬೇಲಿ ಇಲ್ಲ, ಗೋಪುರ ಇಲ್ಲ, ಬಂದೂಕಿಲ್ಲ. ಆದರೂ ಆ ಫೋಟೊಗಳನ್ನು ಹೊರಗೆ ಬಿಡಲು ಸರ್ಕಾರಕ್ಕೆ ಧೈರ್ಯ ಬರಲಿಲ್ಲ. ಬೇಲಿ ಇದ್ದರೆ ಮಾತ್ರ ಫೋಟೊ ನಿಜ ಹೇಳುತ್ತೆ ಅನ್ನೋ ನಿಮ್ಮ ವಾದಕ್ಕೆ ನನ್ನ ಮೊದಲ ಉತ್ತರ ಇದೇ.

ಲ್ಯಾಂಗ್ ತೆಗೆದ ಫೋಟೊಗಳಲ್ಲಿ ಬೇಸ್‌ಬಾಲ್ ಕೂಡ ಇದೆ. 1942ರ ಜುಲೈ. ಆಟಗಾರರು ಗುಂಪುಗೂಡಿ ಏನೋ ಮಾತಾಡಿಕೊಳ್ತಿದ್ದಾರೆ. ಫೋಟೊ ಅಷ್ಟೇನೂ ವಿಶೇಷವಾದದ್ದಲ್ಲ. ಆದರೆ ಅದರ ಅಡಿಬರಹ ಓದಬೇಕು. ಇಲ್ಲಿಯವರೆಗೆ 80 ತಂಡಗಳಾಗಿವೆ, ಆಟ ಹೆಚ್ಚಾಗಿ ನಡೆಯೋದು ಬ್ಯಾರಕ್ಕುಗಳ ಸಾಲಿನ ನಡುವೆ ಬೆಂಕಿ ಹರಡದಿರಲಿ ಅಂತ ಬಿಟ್ಟ ಅಗಲವಾದ ಖಾಲಿ ಜಾಗದಲ್ಲಿ, ಅಂತ ಅದರಲ್ಲಿದೆ. ಈಗ ಫೋಟೊ ಇನ್ನೊಂದು ಸಲ ನೋಡಿ. ಅದು ಮೈದಾನವೇ ಅಲ್ಲ. ಮರದ ಹಲಗೆ, ಟಾರು ಕಾಗದದ ಬ್ಯಾರಕ್ಕುಗಳು ಒಂದಕ್ಕೊಂದು ಅಂಟಿಕೊಂಡಂತೆ ನಿಂತಿವೆ. ಒಂದಕ್ಕೆ ಕಿಡಿ ಹತ್ತಿದರೆ ಸಾಲೇ ಹೋಗುತ್ತೆ ಅನ್ನೋ ಭಯಕ್ಕೆ ಬಿಟ್ಟ ಜಾಗ ಅದು. ಶಿಬಿರಕ್ಕೆ ಬಂದು ಕೆಲವೇ ತಿಂಗಳಾಗಿದೆ, ಆಗಲೇ 80 ತಂಡ. ಮಾಡಲು ಬೇರೇನೂ ಇಲ್ಲದೆ ಕೂತ ಜನ ಎಷ್ಟಿದ್ದರು ಅನ್ನೋದೂ ಗೊತ್ತಾಗುತ್ತೆ, ಅವರು ಸುಮ್ಮನೆ ಕೂರಲಿಲ್ಲ ಅನ್ನೋದೂ ಗೊತ್ತಾಗುತ್ತೆ. ನೀವು ಹುಡುಕಿದ ಬೇಲಿ ಆ ಒಂದೆರಡು ಸಾಲಿನಲ್ಲಿದೆ.

ಆಡಮ್ಸ್ ಬಂದಿದ್ದು 1943ರಲ್ಲಿ, ಶಿಬಿರದ ನಿರ್ದೇಶಕರ ಕರೆಯ ಮೇಲೆ. ಅಷ್ಟರಲ್ಲಿ ಅಲ್ಲಿ ಗಲಾಟೆ ನಡೆದು, ಸೈನಿಕರು ಗುಂಡು ಹಾರಿಸಿ, ಇಬ್ಬರು ಸತ್ತಿದ್ದರು. 1942ರ ಡಿಸೆಂಬರ್‌ನ ಘಟನೆ ಅದು. ಆಡಮ್ಸ್ ಫೋಟೊಗಳಲ್ಲಿ ಅದರ ಸುಳಿವೇ ಇಲ್ಲ. ಅವರ ಭಾವಚಿತ್ರಗಳು ನನಗೂ ಅಷ್ಟು ಹಿಡಿಸಲ್ಲ. ಮುಖ ಫ್ರೇಮಿನ ತುಂಬ, ಮೇಲಿನಿಂದ ಬೆಳಕು, ಎಲ್ಲರೂ ವೀರರ ಹಾಗೆ ಕಾಣ್ತಾರೆ. ಇವರೂ ನಿಷ್ಠಾವಂತ ಅಮೆರಿಕನ್ನರು ಅಂತ ಸಾಬೀತು ಮಾಡುವ ಆತುರ ಆ ಫೋಟೊಗಳಲ್ಲಿದೆ. ಆದರೆ ಬೇಸ್‌ಬಾಲ್ ಫೋಟೊ ಬೇರೆ. ಅಲ್ಲಿ ಅವರು ಹಿಂದೆ ಸರಿದು ನಿಂತಿದ್ದಾರೆ. ಆಟ, ನೋಡುವ ಜನ, ಬ್ಯಾರಕ್ಕು ಎಲ್ಲ ಒಟ್ಟಿಗೆ ಬಂದಿವೆ. ಅದಕ್ಕೇ ಅದನ್ನು ದೊಡ್ಡದಾಗಿ ಹಾಕಿದ್ದು, ಈಗಲೂ ಹಾಕುತ್ತಿದ್ದೆ. ಶಿಬಿರದ ಇಡೀ ನೋಟ ಸಿಗುವ ಅವರ ಇನ್ನೊಂದು ಫೋಟೊ ಇದೆ. ಅದರಲ್ಲಿ ಕಾವಲು ಗೋಪುರ ಕಾಣಲ್ಲ, ಯಾಕೆಂದರೆ ಕ್ಯಾಮೆರಾ ನಿಂತಿರೋದೇ ಗೋಪುರದ ಮೇಲೆ. ಇದು ಗೊತ್ತಾಗೋದೂ ಅಡಿಬರಹದಿಂದಲೇ.

(ಪತ್ರಿಕೆಯವನಾಗಿ ನನಗೆ ತುಂಬ ಇಷ್ಟವಾದ ಆಡಮ್ಸ್ ಫೋಟೊ ಶಿಬಿರದ ಪತ್ರಿಕೆಯ ಸಂಪಾದಕರದ್ದು. ಕಚೇರಿಯ ಮುಂದೆ ಪೇಪರ್ ಬಿಚ್ಚಿ ಓದುತ್ತಾ ನಿಂತಿದ್ದಾರೆ. ಮುಳ್ಳುತಂತಿಯೊಳಗಿನ ಆ ಪತ್ರಿಕೆಯ ಹೆಸರು ‘ಮಾಂಜನಾರ್ ಫ್ರೀ ಪ್ರೆಸ್’!)

ಮೂರನೆಯವರು ತೋಯೊ ಮಿಯಾಟಾಕೆ. ಇವರಿಗೆ ಯಾರೂ ಕರೆ ಕಳಿಸಲಿಲ್ಲ, ಕೈದಿಯಾಗಿ ಬಂದರು. ಲಾಸ್ ಏಂಜಲೀಸ್‌ನಲ್ಲಿ ಅವರದ್ದು ಹೆಸರಾದ ಸ್ಟುಡಿಯೊ. ಶಿಬಿರಕ್ಕೆ ಕ್ಯಾಮೆರಾ ತರುವಂತಿರಲಿಲ್ಲ. ಲೆನ್ಸು, ಫಿಲ್ಮ್ ಹೋಲ್ಡರ್ ಮಾತ್ರ ಬಚ್ಚಿಟ್ಟು ತಂದರು. ಒಳಗಿದ್ದ ಬಡಗಿಯೊಬ್ಬರ ಕೈಲಿ ಮರದ ಪೆಟ್ಟಿಗೆ ಮಾಡಿಸಿ ಕ್ಯಾಮೆರಾ ಕಟ್ಟಿಕೊಂಡರು. ಮುಂದೆ ಅಧಿಕಾರಿಗಳೇ ಒಪ್ಪಿ ಅವರನ್ನು ಶಿಬಿರದ ಫೋಟೊಗ್ರಾಫರ್ ಮಾಡಿದರು. ಅದರಲ್ಲೂ ಒಂದು ತಮಾಷೆ ನೋಡಿ. ಶುರುವಿನಲ್ಲಿ ಅವರು ಕ್ಯಾಮೆರಾ ಹೊಂದಿಸಿ ಇಡಬಹುದಿತ್ತು, ಗುಂಡಿ ಒತ್ತಲು ಮಾತ್ರ ಬಿಳಿಯನೇ ಬೇಕಿತ್ತು! ಮುಳ್ಳುತಂತಿಯ ಹಿಂದೆ ನಿಂತ ಮೂವರು ಹುಡುಗರ ಫೋಟೊ ಅವರದ್ದೇ. ನೀವು ಕೇಳುವ ಬೇಲಿ ಅದರಲ್ಲಿದೆ. ಆದರೆ ಅವರು ರಾಶಿ ರಾಶಿ ತೆಗೆದದ್ದು ಮದುವೆ, ಮಗು, ಶಾಲೆ, ಹಬ್ಬ, ಆಟ. ಒಳಗಿನವರು ಅವರ ಹತ್ತಿರ ಬಂದು ತೆಗೆಸಿಕೊಂಡದ್ದು ಅದನ್ನೇ. ನಮ್ಮ ಬೇಲಿ ತೆಗೀರಿ ಅಂತ ಯಾರು ಬರ್ತಾರೆ? ಮಗಳ ಮದುವೆ ತೆಗೀರಿ ಅಂತ ಬರ್ತಾರೆ. ಹೊರಗಿನವರಿಗೆ ಕಷ್ಟದ ಫೋಟೊ ಬೇಕು, ಕಷ್ಟದಲ್ಲಿರುವವರಿಗೆ ಅಲ್ಬಮ್ಮು ಬೇಕು. ಈ ಎಳೆದಾಟ ಮಾಂಜನಾರ್‌ನಲ್ಲೂ ಇತ್ತು, ನಿಮ್ಮ ಬೈಲಕುಪ್ಪೆಯಲ್ಲೂ ಇದೆ.

ಪೂಜೆಯ ಫೋಟೊ ಹಗುರ ಅಂದಿರಲ್ಲ, ಅದಕ್ಕೂ ಒಂದು ಮಾತು. ಪರ್ಲ್ ಹಾರ್ಬರ್ ಆದ ಕೂಡಲೇ ಎಫ್‌ಬಿಐನವರು ಹಿಡಿದುಕೊಂಡು ಹೋದವರಲ್ಲಿ ಬೌದ್ಧ ಗುರುಗಳು ಬಹಳ ಜನ ಇದ್ದರು. ಬೌದ್ಧರು ಅಂದರೆ ಜಪಾನ್ ಕಡೆಯವರು ಅಂತ ಲೆಕ್ಕ. ಶಿಬಿರದಲ್ಲಿ ಕ್ರೈಸ್ತ ಪ್ರಾರ್ಥನೆಗೆ ಯಾರ ಅನುಮಾನವೂ ಇರಲಿಲ್ಲ. ಬುದ್ಧನ ಮುಂದೆ ಕೈ ಮುಗಿದು ಕೂರೋಕೆ ಗಟ್ಟಿ ಮನಸ್ಸು ಬೇಕಿತ್ತು. ಆಡಮ್ಸ್ ಎರಡನ್ನೂ ತೆಗೆದಿದ್ದಾರೆ. ಇದು ಗೊತ್ತಿಲ್ಲದೆ ನೋಡಿದರೆ ಎರಡೂ ಒಂದೇ ಥರದ ಭಕ್ತಿಯ ಫೋಟೊ. ಗೊತ್ತಿದ್ದು ನೋಡಿದರೆ ಒಂದರಲ್ಲಿ ರಾಜಕೀಯ ತುಂಬಿಕೊಂಡಿದೆ.

ಆಟಕ್ಕೆ ಬಂದರೆ ನಾನು ಮರೆಯದ ಫೋಟೊ ಮಾಂಜನಾರ್‌ನದ್ದಲ್ಲ. 1927ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ತೆಗೆದದ್ದು. ಬೇಬ್ ರೂತ್ ಮತ್ತು ಲೂ ಗೆರಿಗ್, ಬೇಸ್‌ಬಾಲ್‌ನ ಬೆಟ್ಟದಂಥ ಇಬ್ಬರು ಆಟಗಾರರು, ಪ್ರದರ್ಶನ ಪಂದ್ಯಕ್ಕೆ ಬಂದಿದ್ದರು. ಅವರ ಜೊತೆ ಸ್ಥಳೀಯ ಜಪಾನಿ ಮೂಲದ ನಾಲ್ವರು ಆಟಗಾರರು ನಿಂತಿದ್ದಾರೆ. ಅವರಲ್ಲಿ ಕುಳ್ಳಗಿರುವ ಕೆನಿಚಿ ಜೆನಿಮುರಾ ಹಿರೋಷಿಮಾದಲ್ಲಿ ಹುಟ್ಟಿ, ಹವಾಯಿಯಲ್ಲಿ ಬೆಳೆದು, ಫ್ರೆಸ್ನೊದಲ್ಲಿ ತಂಡ ಕಟ್ಟಿದವರು. ಹದಿನೈದು ವರ್ಷದ ಮೇಲೆ ಅದೇ ಜೆನಿಮುರಾರನ್ನು ಸಂಸಾರದ ಸಮೇತ ಅರಿಜೋನಾ ಮರುಭೂಮಿಯ ಗಿಲಾ ರಿವರ್ ಶಿಬಿರಕ್ಕೆ ಹಾಕಿದರು. ಅವರು ಅಲ್ಲಿ ಪೊದೆ ಕಡಿದು, ನೆಲ ಸಮ ಮಾಡಿ ಮೈದಾನ ಕಟ್ಟಿದರು. ಕಂಬ ಬೇಕಾದಾಗ ಶಿಬಿರದ ಬೇಲಿಯಿಂದಲೇ ಕಿತ್ತು ತಂದರು. ಮೈದಾನದ ಸುತ್ತ ಹರಳು ಗಿಡ ಬೆಳೆಸಿ ಗೋಡೆ ಮಾಡಿದರು. 1945ರಲ್ಲಿ ಶಿಬಿರದ ಹೈಸ್ಕೂಲು ಹುಡುಗರು ಹೊರಗಿನಿಂದ ಬಂದ ಟೂಸಾನ್ ತಂಡವನ್ನು ಅದೇ ಮೈದಾನದಲ್ಲಿ 11–10ರಿಂದ ಸೋಲಿಸಿದರು. ಇಷ್ಟೆಲ್ಲ ತಿಳಿದ ಮೇಲೆ ಆ ಮೈದಾನದ ಫೋಟೊ ನೋಡಿ ಇದು ಬರೀ ಆಟ ಅನ್ನೋಕೆ ಬಾಯಿ ಬರುತ್ತಾ?

ಮಾಂಜನಾರ್ ಮೈದಾನವನ್ನೂ ಈಚೆಗೆ ಮತ್ತೆ ಕಟ್ಟಿದ್ದಾರೆ. ಆ ಜಾಗ 1992ರಿಂದ ರಾಷ್ಟ್ರೀಯ ಸ್ಮಾರಕ. ಹಳೇ ಫೋಟೊಗಳನ್ನು ಇಟ್ಟುಕೊಂಡು, ನೆಲ ಅಗೆದು ನೋಡಿ, ಯಾವುದು ಎಲ್ಲಿತ್ತು ಅಂತ ಗೊತ್ತುಮಾಡಿಕೊಂಡರು. 2024ರ ಅಕ್ಟೋಬರ್‌ನಲ್ಲಿ ಜಪಾನಿ ಮೂಲದ ಅಮೆರಿಕನ್ನರ ತಂಡಗಳು ಅಲ್ಲಿ ಆಡಿದವು. ಆಟದ ಫೋಟೊ ತೆಗೆಯದೆ ಬರೀ ಬೇಲಿಯನ್ನೇ ತೆಗೆದಿದ್ದರೆ ಇದು ಇಷ್ಟು ಸುಲಭವಾಗುತ್ತಿರಲಿಲ್ಲ.

ಈಗ ನಿಮ್ಮ ಒಂಬತ್ತು ಫೋಟೊಗಳು. ಮುಚ್ಚುಮರೆ ಇಲ್ಲದೆ ಹೇಳ್ತೇನೆ.

ಕೆಂಪು ನಿಲುವಂಗಿಯ ಹುಡುಗ ಚೆಂಡು ಒದೆಯುವ ಫೋಟೊ ಚೆನ್ನಾಗಿದೆ. ಸಂಜೆ ಬಿಸಿಲು, ಹಾರುವ ಬಟ್ಟೆ, ಏಳುವ ಧೂಳು, ಎಲ್ಲ ಇದೆ. ಆದರೆ ಇಂಥದ್ದು ನಮ್ಮ ಕಚೇರಿಗೆ ಪ್ರತಿ ತಿಂಗಳೂ ಬರುತ್ತೆ. ಸನ್ಯಾಸಿಯೂ ಫುಟ್‌ಬಾಲ್ ಆಡ್ತಾನೆ ಅನ್ನೋ ಆಶ್ಚರ್ಯ ಒಂದೇ ಅದರ ಬಂಡವಾಳ. ಆಶ್ಚರ್ಯ ನಮ್ಮದು, ಆ ಹುಡುಗನದ್ದಲ್ಲ. ಅವನಿಗೆ ಅದು ದಿನದ ಆಟ. ಹಿಂದೆ ಏನಿದೆ ಅಂತ ನೋಡೋಣ ಅಂದರೆ ನೀವು ಉದ್ದದ ಲೆನ್ಸು ಹಾಕಿ ಎಲ್ಲ ಮಸುಕು ಮಾಡಿದ್ದೀರಿ. ಮುಂದಿನ ಸಲ ಹಿಂದಿನದೂ ಕಾಣುವಂಥ ಚಿಕ್ಕ ಲೆನ್ಸು ಹಾಕಿ, ಮೈದಾನದ ಗೆರೆಯ ಪಕ್ಕ ನಿಲ್ಲಿ.

ಪ್ರಾರ್ಥನಾ ಚಕ್ರ ತಿರುಗಿಸುವ ಅಜ್ಜಿಯ ಸುಕ್ಕು ಮುಖದ ಫೋಟೊ ನನಗೆ ಬೇಡ. ಫೋಟೊ ಸ್ಪರ್ಧೆಗಳಲ್ಲಿ ಈ ಅಜ್ಜಿಗೆ ಬಹುಮಾನ ಬಂದೂ ಬಂದೂ ಸಾಕಾಗಿದೆ. ಅವರ ಹೆಸರೇನು, ಯಾವ ವರ್ಷ ಬಂದರು, ಮೊದಲು ಎಲ್ಲಿದ್ದರು, ಒಂದನ್ನೂ ನೀವು ಬರೆದಿಲ್ಲ. ಲ್ಯಾಂಗ್ ಅವರ ಕೆಲಸದಲ್ಲೂ ಇದೇ ಕೊರತೆ ಒಂದು ಕಡೆ ಉಳಿದಿದೆ. 1936ರಲ್ಲಿ ಅವರು ತೆಗೆದ ವಲಸೆ ಕೂಲಿ ತಾಯಿಯ ಫೋಟೊ ಇಡೀ ಲೋಕ ನೋಡಿತು, ಆ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜನಕ್ಕೆ ಗೊತ್ತಾಗಿದ್ದು 1978ರಲ್ಲಿ. ಆ ಫೋಟೊದಿಂದ ನನಗೇನೂ ಸಿಗಲಿಲ್ಲ ಅಂತ ಆಕೆಗೆ ಬೇಸರವೂ ಇತ್ತು. ನಿಮ್ಮ ಅಜ್ಜಿ ನಾಲ್ಕನೇ ಕ್ಯಾಂಪಿನಲ್ಲೋ ಐದನೆಯದರಲ್ಲೋ ಇರ್ತಾರೆ (ಬೈಲಕುಪ್ಪೆಯಲ್ಲಿ ಕ್ಯಾಂಪ್ ಅಂದರೆ ಟಿಬೆಟನ್ನರ ಹಳ್ಳಿ). ಹೋಗಿ, ಒಂದು ಪ್ರಿಂಟ್ ಕೊಟ್ಟು, ಕೂತು ಮಾತಾಡಿ. ಬೈಲಕುಪ್ಪೆಯ ಮೊದಲ ವಸಾಹತು ಶುರುವಾಗಿದ್ದು 1960ರ ಹೊತ್ತಿಗೆ. ಕಾಡು ಕಡಿದು ಹೊಲ ಮಾಡಿದ ತಲೆಮಾರಿನವರು ಈಗ ಬೆರಳೆಣಿಕೆಯಷ್ಟು ಉಳಿದಿದ್ದಾರೆ.

ಬೈಲಕುಪ್ಪೆಯ ಸೆರಾ ಮಠದ ಅಂಗಳದಲ್ಲಿ ಸನ್ಯಾಸಿಗಳು ಕಲಿಕೆಗಾಗಿ ನಡೆಸುವ ತರ್ಕದ ಫೋಟೊ ಮೂರು ಕಳಿಸಿದ್ದೀರಿ. ಮೂರರಲ್ಲೂ ನಿಂತವನು ಕೈ ಎತ್ತಿ ಚಪ್ಪಾಳೆ ಹೊಡೀತಿದ್ದಾನೆ. ಅದು ಎಲ್ಲರ ಕಣ್ಣಿಗೂ ಬೀಳುವ ಗಳಿಗೆ. ಆದರೆ ನಿಂತವನದ್ದು ಪ್ರಶ್ನೆ ಕೇಳುವ ಕೆಲಸ, ಉತ್ತರ ಕೊಟ್ಟು ಬಚಾವಾಗಬೇಕಾದವನು ಕೆಳಗೆ ಕೂತವನು. ನಿಮ್ಮ ಒಂದು ಫೋಟೊದಲ್ಲಿ ಕೂತವನ ತಲೆಯೇ ಕಟ್ ಆಗಿದೆ. ಅವನ ಮುಖ ತೆಗೆಯಿರಿ. ಆಟವೂ ವಿದ್ಯೆಯೂ ಧರ್ಮವೂ ಒಂದೇ ಅಂಗಳದಲ್ಲಿ ಸಿಗುವ ಇಂಥ ಜಾಗ ನಮ್ಮ ಕಡೆ ಬೇರೆಲ್ಲೂ ನಾನು ನೋಡಿಲ್ಲ.

ತುಪ್ಪದ ದೀಪಗಳು, ಗೋಲ್ಡನ್ ಟೆಂಪಲ್ಲಿನ ಬುದ್ಧ, ಬಣ್ಣದ ಪತಾಕೆ. ಈ ಮೂರು ಬಿಡಿ. ಕುಶಾಲನಗರಕ್ಕೆ ಬಂದವರೆಲ್ಲ ಇವನ್ನು ಮೊಬೈಲಿನಲ್ಲಿ ತುಂಬಿಕೊಂಡು ಹೋಗ್ತಾರೆ.

ಉಳಿದದ್ದು ಒಂಬತ್ತನೆಯದು. ನೀವು ಅದನ್ನು ಕೊನೆಗೆ, ಬೇಕೋ ಬೇಡವೋ ಅನ್ನೋ ಹಾಗೆ ಸೇರಿಸಿದ್ದೀರಿ. ಆಟದ ಮಧ್ಯೆ ವಿರಾಮ. ಮರದಡಿ ಹುಡುಗರು ನೀರು ಕುಡೀತಿದ್ದಾರೆ. ಒಬ್ಬ ಜರ್ಸಿ ಹಿಂಡುತ್ತಿದ್ದಾನೆ. ಪಕ್ಕದಲ್ಲಿ ಮುಸುಕಿನ ಜೋಳದ ಚೀಲ. ಒಬ್ಬರು ಹಿರಿಯರು ಆಟದ ಕಡೆ ಬೆನ್ನು ಹಾಕಿ ಯಾವುದೋ ಫಾರ್ಮ್ ತುಂಬುತ್ತಿದ್ದಾರೆ. ಈ ಫೋಟೊ ಇಟ್ಟುಕೊಂಡು ಅರ್ಧ ಗಂಟೆ ಮಾತಾಡಬಹುದು. ಏನದು ಫಾರ್ಮ್? ಇಲ್ಲಿ ಹುಟ್ಟಿ ಕನ್ನಡ ಮಾತಾಡುವ ಹುಡುಗನಿಗೂ, ವಿದೇಶಿಯರಿಗೆ ಬೇಕಾಗುವ ಹಾಗೆ, ನೋಂದಣಿ ಪತ್ರ ಬೇಕು, ಅದನ್ನು ಆಗಾಗ ನವೀಕರಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಅಂತ ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿವೆ. ಅಂದರೆ ಒಂದೇ ಮನೆಯಲ್ಲಿ ಅಣ್ಣ ಪ್ರಜೆ, ತಮ್ಮ ನಿರಾಶ್ರಿತ ಅನ್ನೋ ಲೆಕ್ಕ ಬರಬಹುದು. ಆ ಹಿರಿಯರು ತುಂಬುತ್ತಿದ್ದದ್ದು ಅದೇ ಫಾರ್ಮೋ, ಬ್ಯಾಂಕಿನದ್ದೋ ನನಗೆ ಗೊತ್ತಾಗಬೇಕಾದರೆ ನೀವು ಕೇಳಿ ಬರೆಯಬೇಕಿತ್ತು. ನಿಮ್ಮ ಗೆಳತಿಯರು ಕೇಳುವ ಕಷ್ಟ ಆ ಮರದಡಿ ಇದ್ದರೂ ಇರಬಹುದು. ನೀವು ಅದರ ಹತ್ತಿರ ನಿಂತು ಬಂದಿದ್ದೀರಿ, ಅಷ್ಟೇ.

ಒಂದು ಎಚ್ಚರಿಕೆ. ಯಾರದ್ದೇ ಕಾಗದಪತ್ರ ಓದಲು ಬರುವ ಹಾಗೆ ಫೋಟೊ ತೆಗೆಯಬೇಡಿ. ಮುಖ ಬೇಡ ಅಂದವರನ್ನು ಒತ್ತಾಯ ಮಾಡಬೇಡಿ. ಟಿಬೆಟ್‌ನಲ್ಲಿ ಉಳಿದ ನೆಂಟರಿಗೆ ತೊಂದರೆ ಆದೀತು ಅನ್ನೋ ಭಯ ಕೆಲವರಿಗೆ ಇರುತ್ತೆ. ಚಿಕ್ಕ ಸನ್ಯಾಸಿಗಳ ವಿಷಯದಲ್ಲಿ ಮಠದ ಹಿರಿಯರನ್ನು ಕೇಳಿ. ಒಳಗೆ ಫ್ಲಾಷ್ ಬೇಡವೇ ಬೇಡ. ಈಗಿನ ಕ್ಯಾಮೆರಾಗಳಲ್ಲಿ ಐಎಸ್‌ಒ (ಕಡಿಮೆ ಬೆಳಕಲ್ಲೂ ಫೋಟೊ ಬರುವಂತೆ ಏರಿಸುವ ಅಳತೆ) 3200 ಇಟ್ಟರೂ ಅಚ್ಚಿಗೆ ನಡೆಯುತ್ತೆ.

ಹೊರಗಿನವಳಾದ ನನಗೆ ಇವರ ಫೋಟೊ ತೆಗೆಯುವ ಹಕ್ಕಿದೆಯಾ ಅಂತಲೂ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಲ್ಯಾಂಗ್, ಆಡಮ್ಸ್ ಇಬ್ಬರೂ ಹೊರಗಿನವರೇ. ಅವರು ಇಲ್ಲದಿದ್ದರೆ ನಷ್ಟವಾಗುತ್ತಿತ್ತು. ಆದರೆ ಅವರಿಬ್ಬರೇ ಇದ್ದು ಮಿಯಾಟಾಕೆ ಇಲ್ಲದಿದ್ದರೆ ಇನ್ನೂ ದೊಡ್ಡ ನಷ್ಟ. ಕ್ಯಾಂಪಿನಲ್ಲಿ ಮದುವೆ ಫೋಟೊ ತೆಗೆಯುವ ಟಿಬೆಟನ್ ಹುಡುಗರು ಖಂಡಿತ ಸಿಗ್ತಾರೆ. ಅವರಲ್ಲಿ ಒಬ್ಬರನ್ನು ಹುಡುಕಿ, ಜೊತೆಗೆ ಸೇರಿಸಿಕೊಳ್ಳಿ. ಇಬ್ಬರ ಹೆಸರಿನಲ್ಲೂ ಹಾಕೋಣ.

ನಾವೇ ವಲಸೆ ಹೋದಾಗ ಹೇಗೆ ಫೋಟೊ ತೆಗೆಸಿಕೊಳ್ತೇವೆ ಅಂತಲೂ ಒಮ್ಮೆ ನೋಡಿ. ಅಮೆರಿಕದ ಕನ್ನಡ ಕೂಟಗಳಿಂದ ನಮಗೆ ಬರುವುದು ರೇಷ್ಮೆ ಸೀರೆ, ಗಣೇಶ ಚತುರ್ಥಿ, ವಾರಾಂತ್ಯದ ಕ್ರಿಕೆಟ್ ಕಪ್ಪು. ವೀಸಾ ಸಾಲಿನಲ್ಲಿ ನಿಂತ ಫೋಟೊ ಒಂದೂ ಬಂದಿಲ್ಲ. ಅದಕ್ಕೆ ಅವರು ಸುಳ್ಳು ಹೇಳ್ತಿದ್ದಾರೆ ಅಂತ ನಾವು ಅಂದುಕೊಳ್ಳಲ್ಲ, ಅಲ್ವಾ? ಆದರೆ ಆ ಕ್ರಿಕೆಟ್ ಕಪ್ಪಿನ ಫೋಟೊದ ಕೆಳಗೆ ಯಾರು ಎಷ್ಟು ವರ್ಷದಿಂದ ಊರಿಗೆ ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಒಂದು ಸಾಲು ಬರೆದು ಕಳಿಸಿದರೆ ಅದನ್ನು ಮುಖಪುಟಕ್ಕೆ ಹಾಕ್ತೇನೆ.

ಒಂಬತ್ತನೇ ಫೋಟೊ ಇಟ್ಟುಕೊಂಡಿದ್ದೇನೆ, ಉಳಿದ ಎಂಟನ್ನು ವಾಪಸ್ ಕಳಿಸಿದ್ದೇನೆ. ಚಳಿಗಾಲ ಬಂತು, ಕ್ಯಾಂಪಿನ ಎಷ್ಟೋ ಜನ ಸ್ವೆಟರ್ ಮಾರಲು ಊರೂರಿಗೆ ಹೊರಟಿರ್ತಾರೆ. ಅಂಗಡಿಯಲ್ಲಿ ಕೂತವರ ಹತ್ತಿರ ಮಾತಾಡಿ, ಆ ಸ್ವೆಟರಿನಲ್ಲಿ ಎಷ್ಟು ಲೂಧಿಯಾನದ ಕಾರ್ಖಾನೆಗಳಿಂದ ಬಂದದ್ದು ಅಂತ ಕೇಳಿ, ನಗ್ತಾರೆ. ಅವರು ಊರಲ್ಲಿ ಇಲ್ಲದಾಗ ಮೈದಾನದಲ್ಲಿ ಯಾರು ಆಡ್ತಾರೆ, ಮನೆಯ ಪೂಜೆ ಯಾರು ಮಾಡ್ತಾರೆ ಅನ್ನೋದನ್ನೂ ತೆಗೆಯಿರಿ. ಹನ್ನೆರಡು ಫೋಟೊ ಸಾಕು. ಪ್ರತಿಯೊಂದಕ್ಕೂ ಹೆಸರು, ದಿನ, ಜಾಗ, ಜೊತೆಗೆ ಅವರೇ ಹೇಳಿದ ಒಂದು ಮಾತು ಇರಲಿ. ಅಡಿಬರಹ ಇಲ್ಲದ ಫೋಟೊ ನಾನು ತೆರೆದೂ ನೋಡಲ್ಲ. ಟಿಬೆಟನ್ನರ ಹೊಸ ವರ್ಷದ ಲೋಸರ್ ಹಬ್ಬಕ್ಕೆ ಮುಂಚೆ ಕಳಿಸಿ, ಆಮೇಲೆ ಎಲ್ಲರೂ ಹಬ್ಬದ ಫೋಟೊ ತಂದು ಸುರಿಯುತ್ತಾರೆ, ನಿಮಗೆ ಪುಟ ಸಿಗೋದು ಕಷ್ಟ.